ಸುಮ್ಮನೆ ನಿಂತ ಸರ್ವರ್

ಬೆಳಗಿನ ಪಾಳಿಯವರು ಬಂದಾಗ ಪರದೆಯ ಮೇಲೆ ಒಂದು ಸಂದೇಶವೂ ಅಲ್ಲಾಡುತ್ತಿರಲಿಲ್ಲ. ಆಳಸಮುದ್ರದ ಮೀನುದೋಣಿಗಳಿಗೂ ದಡಕ್ಕೂ ಮಾತು ಸಾಗಿಸುವ ಕಚೇರಿ ಅದು. ಅದರ ಸರ್ವರ್ ನಿಂತುಹೋಗಿತ್ತು. ಕೈಗೆ ಗಾಳ ಹೊಕ್ಕು ಜ್ವರ ಏರಿದ್ದ ಮೀನುಗಾರನೊಬ್ಬನಿಗೆ ಡಾಕ್ಟರು ಕಳಿಸಿದ ಸಲಹೆ ಅಲ್ಲೇ ಸಿಕ್ಕಿಕೊಂಡಿತ್ತು. ಪಕ್ಕದ ದೋಣಿಯವರು ಅವನನ್ನು ದಡಕ್ಕೆ ತಂದರು. ಜೀವ ಉಳಿಯಿತು. ಎರಡು ಬೆರಳು ಹೋದವು.

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಹೆಂಗಸು. ಪೊಲೀಸ್ ಇಲಾಖೆಗೆ ಸೇರುವ ಮೊದಲು ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆದವಳು.

"ಹೊರಗಿನವರ ದಾಳಿ ಮೇಡಂ," ಎಂದ ಮ್ಯಾನೇಜರ್.

"ದಾಳಿ ಆಗಿದ್ರೆ ಯಂತ್ರ ಏದುಸಿರು ಬಿಡ್ತಿರಬೇಕಿತ್ತು. ಇದು ಕೈಕಟ್ಟಿ ಕೂತಿದೆ ನೋಡಿ. ಏನಕ್ಕೋ ಕಾಯ್ತಾ ಇದೆ."

ಮ್ಯಾನೇಜರ್ ದನಿ ತಗ್ಗಿಸಿದ. "ಹಾಗಾದ್ರೆ ಇದು ಥ್ರೆಡ್ಡಣ್ಣಂದೇ ಕೆಲಸ."

\*\*\*

ಥ್ರೆಡ್ಡಣ್ಣ ಹಳೆಯ ಸರ್ವರ್ ಬರೆದ ಎಂಜಿನಿಯರ್. ಅದನ್ನು ತೆಗೆದು ಹೊಸದು ಕೂರಿಸುವಾಗ ಮ್ಯಾನೇಜರನೊಡನೆ ಹಾವು ಮುಂಗುಸಿಯಂತೆ ಕಾದಾಡಿದ್ದ.

"ಜಗಳ ಯಾಕೆ?" ಇನ್ಸ್‌ಪೆಕ್ಟರ್ ಕೇಳಿದಳು.

"ನಂದು ಥ್ರೆಡ್ ಲೆಕ್ಕ ಮೇಡಂ. ಒಂದೊಂದು ದೋಣಿಗೂ ಒಬ್ಬೊಬ್ಬ ಆಳು. ದೋಣಿ ಜಾಸ್ತಿ ಆದ್ವು, ಇಷ್ಟು ಆಳನ್ನ ಯಂತ್ರ ಸಾಕಲ್ಲ ಅಂದ್ರು. ನಿಜಾನೇ. ಹೊಸದು ಈವೆಂಟ್ ಲೂಪ್. ಒಬ್ಬನೇ ಆಳು, ಯಾವ ಬಾಗಿಲಲ್ಲಿ ಕರೆದ್ರೆ ಅಲ್ಲಿಗೆ ಓಡ್ತಾನೆ. ಆದ್ರೆ ಒಂದು ಬಾಗಿಲಲ್ಲಿ ಕೂತ್ಬಿಟ್ನೋ, ಉಳಿದವರ ಗತಿ ಗೋವಿಂದ."

"ನಿನ್ನೆ ಸಂಜೆ ನಿಮ್ಮ ಪಾಸ್‌ವರ್ಡಿನಿಂದ ಹೊಸ ಪ್ರೋಗ್ರಾಮಿಗೆ ಒಂದು ಸಾಲು ಸೇರಿದೆ."

ಅವನ ಮುಖ ಕಪ್ಪಿಟ್ಟಿತು. ಪ್ರೋಗ್ರಾಮುಗಳನ್ನು ಪರೀಕ್ಷಿಸುವ ವಿಭಾಗದ ಹೆಂಗಸೊಬ್ಬಳು ಕೂತಿದ್ದ ಮೇಜಿನತ್ತ ಕಣ್ಣು ಹೊರಳಿ ಬಂತು.

"ಹೌದು. ನಾನೇ ಹಾಕ್ದೆ. ಹೊಟ್ಟೆಕಿಚ್ಚಿಗೆ."

"ಎಷ್ಟು ಹೊತ್ತು ಕಾಯೋ ಹಾಗೆ ಬರೆದ್ರಿ?"

"ಒಂದು... ಒಂದು ಗಂಟೆ."

\*\*\*

ಇನ್ಸ್‌ಪೆಕ್ಟರ್ ಆ ಸಾಲನ್ನು ಮತ್ತೆ ಓದಿದಳು. ಒಂದು ದೋಣಿಯನ್ನು ಕರೆದು, ಉತ್ತರ ಬರುವವರೆಗೂ ಅಲ್ಲಾಡದೆ ನಿಲ್ಲು ಎಂದಿತ್ತು. ಗಂಟೆಯಿಲ್ಲ, ಗಡುವಿಲ್ಲ. ಆ ದೋಣಿ ಹೋದ ವರ್ಷದ ಬಿರುಗಾಳಿಯಲ್ಲಿ ಕಾಣೆಯಾಗಿತ್ತು. ಅದರಲ್ಲಿದ್ದವನು ಥ್ರೆಡ್ಡಣ್ಣನ ತಮ್ಮ. ಪರೀಕ್ಷೆ ವಿಭಾಗದ ಹೆಂಗಸು ಆ ತಮ್ಮನ ಹೆಂಡತಿ.

ಮನೆ ಬಿಟ್ಟುಹೋದ ಗಂಡನಿಗಾಗಿ ಇನ್ಸ್‌ಪೆಕ್ಟರ್ ಈಗಲೂ ಗೇಟಿನ ಸದ್ದಾದರೆ ತಲೆ ಎತ್ತುತ್ತಿದ್ದಳು. ಆ ಸಾಲು ಅವಳಿಗೆ ಒಳಗೆಲ್ಲೋ ಚುಚ್ಚಿತು.

ಎಲ್ಲರನ್ನೂ ಕರೆಸಿದಳು.

"ಥ್ರೆಡ್ಡಣ್ಣ, ನೀವು ಸುಳ್ಳು ಹೇಳಿದ್ರಿ. ಆ ಸಾಲಿಗೆ ಗಡುವೇ ಇಲ್ಲ. ಅದನ್ನ ನಿಮ್ಮ ಹಳೇ ಪ್ರೋಗ್ರಾಮಿಂದ ಇದ್ದ ಹಾಗೇ ಎತ್ತಿ ಹಾಕಿದ್ದಾರೆ. ಲೂಪ್ ನಿಲ್ಲದ ಹಾಗೆ ಕಾಯೋದು ಹೇಗೆ ಅಂತ ನಿಮಗೆ ಗೊತ್ತು. ಗೊತ್ತಿಲ್ದೇ ಇರೋರು ಬರೆದಿದ್ದು ಇದು. ನಿಮ್ಮ ಪಾಸ್‌ವರ್ಡ್ ಗೊತ್ತಿರೋರು. ಆ ದೋಣಿ ಬೇಕಾದೋರು."

"ಭಾವನ್ನ ಬಿಟ್ಬಿಡಿ," ಆ ಹೆಂಗಸು ಎದ್ದು ನಿಂತಳು. "ನಾನೇ ಮಾಡಿದ್ದು."

"ನೀನು ಸುಮ್ನಿರಮ್ಮ!"

"ಇಲ್ಲ ಭಾವ. ಹಳೇದರಲ್ಲಿ ಅವರ ಬಾಗಿಲಲ್ಲಿ ಒಬ್ಬ ಆಳು ಹಗಲೂ ರಾತ್ರಿ ಕೂತಿರ್ತಿದ್ದ. ಅದು ಗೊತ್ತಿದ್ರೆ ನನಗೆ ನಿದ್ದೆ ಬರ್ತಿತ್ತು. ಹೊಸದು ಅರ್ಧ ನಿಮಿಷ ನೋಡಿ, ಉತ್ತರ ಇಲ್ಲ ಅಂತ ಹೆಸರು ಹೊಡೆದುಹಾಕ್ತು. ಅರ್ಧ ನಿಮಿಷ ಮೇಡಂ! ಅಷ್ಟೇನಾ ಅವರಿಗೆ?" ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲರೂ ನಿಂತುಹೋಗ್ತಾರೆ ಅಂತ ಆಣೆಗೂ ಗೊತ್ತಿರ್ಲಿಲ್ಲ. ಆ ಬೆರಳು ಕಳ್ಕೊಂಡೋನಿಗೆ ಏನಂತ ಮುಖ ತೋರಿಸ್ಲಿ?"



"ಕಾಯೋದು ತಪ್ಪಲ್ಲಮ್ಮ," ಎಂದಳು ಇನ್ಸ್‌ಪೆಕ್ಟರ್. "ಉಳಿದವರ ದಾರಿಗೆ ಅಡ್ಡ ಕೂತು ಕಾದಿದ್ದು ತಪ್ಪು. ಠಾಣೆಗೆ ಬರಲೇಬೇಕು."

\*\*\*

ಸಾಕ್ಷಿಗೆ ಆ ಸಾಲಿನ ಪ್ರತಿ ತೆಗೆದಾದ ಮೇಲೆ ಥ್ರೆಡ್ಡಣ್ಣ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ಕುರ್ಚಿ ಬಿಟ್ಟುಕೊಟ್ಟ.

ಥ್ರೆಡ್ಡಣ್ಣ ಕೂತು ಆ ಸಾಲನ್ನು ಅಳಿಸಿ ಬೇರೆ ಬರೆದ. ಆ ದೋಣಿಯಿಂದ ಎಂದಾದರೂ ದನಿ ಬಂದರೆ ನನ್ನನ್ನು ಕೂಗು, ಅಲ್ಲಿಯವರೆಗೆ ನಿನ್ನ ಕೆಲಸ ನೋಡು. ಇದಕ್ಕೂ ಗಡುವು ಹಾಕಲಿಲ್ಲ. ಮ್ಯಾನೇಜರ್ ನೋಡಿದ, ಬೇಡವೆನ್ನಲಿಲ್ಲ.

ಸರ್ವರ್ ಎದ್ದಿತು. ತಡೆದಿದ್ದ ಸಂದೇಶಗಳು ಕಟ್ಟೆಯೊಡೆದಂತೆ ಹರಿದವು. ಠಾಣೆಗೆ ಹೊರಟಿದ್ದ ತಮ್ಮನ ಹೆಂಡತಿ ಬಾಗಿಲ ಬಳಿ ತಿರುಗಿ ನಿಂತಳು. ಪರದೆಯ ಮೇಲೆ ಯಾವುದೋ ದೋಣಿಯವನು ತನ್ನ ಹೆಂಡತಿಗೆ ಬರೆದಿದ್ದು ಕಂಡಿತು: 'ನಾಳೆ ಬರ್ತೀನಿ, ಬಾಗಿಲು ಹಾಕ್ಕೋಬೇಡ.'

ಅವಳು ಅದನ್ನು ಎರಡು ಸಲ ಓದಿದಳು. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ.