ಕೈಗೆ ಕೊಟ್ಟ ಭಕ್ಷೀಸು

ಬಾಗಿಲು ತೆರೆದವಳ ಕಾಲು ಹೊಸಿಲಿನಲ್ಲೇ ನಿಂತುಬಿಟ್ಟಿತು.

ಒಳಗೆ ಇಬ್ಬರು ಮಲಗುವ ಅಗಲವಾದ ಹಾಸಿಗೆ. ಅದರ ಮೇಲೆ ಬಿಳಿ ಟವೆಲುಗಳನ್ನು ಮಡಿಸಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕುಳಿತಿದ್ದವು. ಸುತ್ತಲೂ ಗುಲಾಬಿಯ ಎಸಳು.

ಹಡಗಿನ ಆ ಸಾಲಿನ ಕ್ಯಾಬಿನ್ನುಗಳನ್ನು ನೋಡಿಕೊಳ್ಳುವ ಸ್ಟೀವರ್ಡ್ ಬಾಗಿಲ ಪಕ್ಕದಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗುಮುಖ. ಗಂಡಹೆಂಡತಿ ಮದುವೆಯ ವಾರ್ಷಿಕೋತ್ಸವ ಆಚರಿಸಲು ಬರುತ್ತಿದ್ದಾರೆಂದು ಅವನಿಗೆ ಬಂದಿದ್ದ ಸುದ್ದಿ. ಅದನ್ನು ತಿದ್ದಲು ಯಾರಿಗೂ ನೆನಪಾಗಿರಲಿಲ್ಲ.

"ಮದುವೆ ದಿನದ ಶುಭಾಶಯ ಮೇಡಂ. ಸಾರ್ ಹಿಂದೆ ಬರ್ತಿದ್ದಾರಾ?"

ಉತ್ತರ ಅವಳ ಬೆನ್ನ ಹಿಂದಿನಿಂದ ಬಂತು.

"ಸಾರ್ ಸತ್ತುಹೋದ," ಎಂದರು ಅತ್ತೆ. "ನಾನು ಅವನ ತಾಯಿ. ಅವನ ಜಾಗದಲ್ಲಿ ನಾನು ಬಂದಿದ್ದೀನಿ. ಈ ಹೂವಿಗೂ ಚಾರ್ಜ್ ಹಾಕಿದ್ದೀರೋ ಹೇಗೆ?"

ಅವನ ನಗು ಆರಿತು. ಮಂಡಿಯೂರಿ ಒಂದೊಂದೇ ಎಸಳನ್ನು ಆರಿಸಿ ಅಂಗೈಯಲ್ಲಿ ತುಂಬಿಕೊಂಡ. ಹಂಸಗಳನ್ನು ಬಿಡಿಸಿದ, ಅವು ಮತ್ತೆ ಬರಿಯ ಟವೆಲುಗಳಾದವು. ಹಾಸಿಗೆಯ ಕೆಳಗೆ ಕೈಹಾಕಿ ಏನನ್ನೋ ಕಳಚಿ, ಆ ದೊಡ್ಡ ಮಂಚವನ್ನು ಎರಡು ಮಾಡಿ, ನಡುವೆ ಒಬ್ಬರು ಓಡಾಡುವಷ್ಟು ಜಾಗ ಬಿಟ್ಟ.

ಹೋಗುವಾಗ ತಲೆ ತಗ್ಗಿಸಿ, "ಕ್ಷಮಿಸಿ ಮೇಡಂ," ಎಂದ.

ಗಂಡ ತೀರಿಕೊಂಡ ಮೇಲೆ ಅವಳಿಗೆ ಸಮಾಧಾನ ಹೇಳಿದವರು ಬಹಳ ಜನ. ಕ್ಷಮೆ ಕೇಳಿದವನು ಇವನೊಬ್ಬನೇ.

ಆ ಪ್ರವಾಸಕ್ಕೆ ಹಣ ಕಟ್ಟಿದ್ದವನು ಅವಳ ಗಂಡ. ಊಟ, ಕೋಣೆ, ಸರ್ವೀಸ್ ಚಾರ್ಜು ಎಲ್ಲವನ್ನೂ ಮುಂಗಡವಾಗಿ ಕಟ್ಟಿ, ಹೆಂಡತಿಗೆ ಹೇಳದೆ ಗುಟ್ಟಾಗಿ ಇಟ್ಟಿದ್ದ. ಒಂದು ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಕಂಪನಿಯವರು ಹಣ ಹಿಂತಿರುಗಿಸುವುದಿಲ್ಲ, ದಿನಾಂಕ ಬದಲಿಸಿಕೊಡುತ್ತೇವೆ ಎಂದರು. ಮಗನ ದುಡ್ಡು ಸಮುದ್ರದ ಪಾಲಾಗಬಾರದೆಂದು ಅತ್ತೆ ತಮ್ಮ ಹೆಸರು ಸೇರಿಸಿದರು. ಮಾತ್ರೆ ಕೊಡಲು, ಕಾಲು ಒತ್ತಲು ಸೊಸೆ ಹೇಗೂ ಇದ್ದಳು.

ಆ ತಾಯಿಯ ದುಃಖ ಸುಳ್ಳಾಗಿರಲಿಲ್ಲ. ಹೆತ್ತವರು ಮಕ್ಕಳನ್ನು ಕಳಿಸಿಕೊಟ್ಟು ಉಳಿಯುವುದನ್ನು ದೇವರು ಯಾರಿಗೂ ವಿಧಿಸಬಾರದು. ಆದರೆ ಅವರು ಆ ದುಃಖವನ್ನೆಲ್ಲ ತಮ್ಮದೇ ಆಸ್ತಿಯೆಂಬಂತೆ ಹಿಡಿದುಕೊಂಡಿದ್ದರು. ಸೊಸೆ ಅತ್ತರೆ ನಾಟಕವೆನ್ನುತ್ತಿದ್ದರು, ಅಳದಿದ್ದರೆ ಕಲ್ಲೆನ್ನುತ್ತಿದ್ದರು. ಮದುವೆಗೆ ಮುಂಚೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು ಮತ್ತೆ ಅಲ್ಲಿಗೆ ಹೋಗುತ್ತೇನೆಂದಾಗ, "ನನ್ನ ಮಗ ಹೋಗಿದ್ದೇ ತಡ, ಅಲಂಕಾರ ಮಾಡ್ಕೊಂಡು ಬೀದಿಗೆ ಬೀಳ್ತೀಯಾ?" ಎಂದು ಕೇಳಿದ್ದರು. ಅವಳು ಮತ್ತೆ ಆ ಮಾತೆತ್ತಿರಲಿಲ್ಲ.

ಸಮುದ್ರ ಒರಟಾದ ದಿನ ಅತ್ತೆಗೆ ವಾಂತಿ ಶುರುವಾಯಿತು. ಹಾಸಿಗೆ, ನೆಲ, ಸೊಸೆಯ ಸೀರೆ ಎಲ್ಲವೂ ಹೊಲಸಾಯಿತು. ಸ್ಟೀವರ್ಡ್ ಬಂದು ಒರೆಸಿದ. ಮತ್ತೆ ವಾಂತಿಯಾಯಿತು, ಮತ್ತೆ ಒರೆಸಿದ. ದಿಂಬು ಸರಿಪಡಿಸಲು ಹೋದವನ ಕೈಯನ್ನು ಅತ್ತೆ ತಳ್ಳಿ, ಮುಟ್ಟಬೇಡವೆಂದು ಬೈದರು. ಅವನು ಆಗಲಿ ಅಮ್ಮಾ ಎಂದು ಬಟ್ಟಲು ಹಿಡಿದು ಅಲ್ಲೇ ನಿಂತ.

ಆಮೇಲೆ ಅವಳತ್ತ ತಿರುಗಿದ.

"ನೀವು ಮೇಲೆ ಹೋಗಿ ಸ್ವಲ್ಪ ಗಾಳಿ ತಗೊಳ್ಳಿ. ನಾನು ಇವರನ್ನ ನೋಡ್ಕೊಳ್ತೀನಿ."

ಅವಳು ನಂಬಲಾರದೆ ನೋಡಿದಳು. 'ನನಗೆ... ಹೋಗು ಅಂದನಾ?'

ಮೇಲಿನ ಅಂತಸ್ತಿನ ಕಂಬಿ ಹಿಡಿದು ಅವಳು ಮನಸಾರೆ ಅತ್ತಳು. ಗಂಡನಿಗಾಗಿ ಅತ್ತಳು, ತನಗಾಗಿಯೂ ಅತ್ತಳು. ಕಣ್ಣೊರೆಸಿಕೊಳ್ಳುವಾಗ ನೆನಪಾದದ್ದು ಮಾತ್ರ ಕೆಳಗೆ ಬಟ್ಟಲು ಹಿಡಿದು ನಿಂತವನ ಮುಖ. ಭಯವಾಯಿತು. 'ದೇವರೇ, ಇದು ತಪ್ಪಲ್ಲವೇ?' ಎಂದು ಕೇಳಿದಳು. ಅಲೆಗಳ ಸದ್ದಿನ ಹೊರತು ಬೇರೆ ಉತ್ತರ ಬರಲಿಲ್ಲ.

ಅವನು ಅಷ್ಟೆಲ್ಲ ಮಾಡಿದ್ದಕ್ಕೆ ಏನಾದರೂ ಕೊಡಬೇಕೆಂದು ಅವಳು ಊಟದ ಮೇಜಿನಲ್ಲಿ ಮೆಲ್ಲಗೆ ಹೇಳಿದಳು. ಅತ್ತೆ ಚಮಚ ಕೆಳಗಿಟ್ಟರು.

"ನನ್ನ ಮಗ ಸರ್ವೀಸ್ ಚಾರ್ಜು ಕಟ್ಟಿಯೇ ಹೋಗಿದ್ದಾನೆ. ಒಂದೇ ಕೆಲಸಕ್ಕೆ ಎರಡು ಸಲ ಕೊಡೋಕೆ ನಿನ್ನ ತವರಿಂದ ತಂದಿದ್ದೀಯಾ?"

ಪಕ್ಕದ ಕ್ಯಾಬಿನ್ನಿನ ನಿವೃತ್ತ ಮೇಷ್ಟರು ಹೆಂಡತಿಯೊಡನೆ ಅದೇ ಮೇಜಿಗೆ ಕೂರುತ್ತಿದ್ದರು. ಎಲ್ಲ ವಿಷಯವೂ ಅವರಿಗೆ ಗೊತ್ತಿತ್ತು. ಆ ಚಾರ್ಜು ಕಂಪನಿಯ ಹೊಟ್ಟೆಗೆ ಹೋಗುತ್ತದೆ, ದುಡಿದವನಿಗೆ ಬಿಡಿಗಾಸೂ ಸಿಗುವುದಿಲ್ಲ. ತಿಳಿದವರು ಕೌಂಟರಿನಲ್ಲಿ ಅದನ್ನು ರದ್ದು ಮಾಡಿಸಿ, ಆ ಹಣವನ್ನು ನೇರವಾಗಿ ಕೆಲಸದವನ ಕೈಗೆ ಕೊಡುತ್ತಾರೆ, ಅದೇ ಧರ್ಮ ಎಂದು ವಿವರಿಸಿದರು. ಮನೆಯಲ್ಲಿ ಒಂದು ಲೋಟ ತೊಳೆಯದವರು ದುಡಿದವರ ಮೇಲೆ ಭಾಷಣ ಮಾಡುತ್ತಾರೆಂದು ಅವರ ಹೆಂಡತಿ ಗೊಣಗಿದರು. ಅತ್ತೆಯೂ ನಕ್ಕರು.

ಅವಳು ನಗಲಿಲ್ಲ. ಮೇಷ್ಟರ ಮಾತು ಅವಳ ಮನಸ್ಸಿನಲ್ಲಿ ನಾಟಿತ್ತು.

ಮೇಷ್ಟರಿಗೆ ತಿಳಿಯದ ಸಂಗತಿಯೊಂದಿತ್ತು. ಆ ಹಡಗಿನಲ್ಲಿ ಸರ್ವೀಸ್ ಚಾರ್ಜಿನ ಹಣ ಒಂದೆಡೆ ಸೇರಿ, ಕೋಣೆ ಗುಡಿಸುವವರಿಂದ ಹಿಡಿದು ಕೆಳಗಿನ ಬಿಸಿಯಲ್ಲಿ ಹೊದಿಕೆ ಒಗೆಯುವವರವರೆಗೆ ಪಾಲಾಗುತ್ತಿತ್ತು. ಅದರ ಮೇಲೆ ಯಾರಾದರೂ ಕೈಯಾರೆ ಕೊಟ್ಟರೆ ಅದು ಪಡೆದವನದು. ಆದರೆ ಚಾರ್ಜು ರದ್ದು ಮಾಡಿಸಿದ ಕ್ಯಾಬಿನ್ನಿನವರು ಕೊಟ್ಟದ್ದು ಪಡೆದವನದಲ್ಲ, ಎಲ್ಲರದು. ಪಡೆದ ಕೂಡಲೇ ಆಫೀಸಿಗೆ ಒಪ್ಪಿಸಬೇಕು. ಇಟ್ಟುಕೊಂಡವನು ಜೊತೆಗಾರರ ಅನ್ನ ಕದ್ದಂತೆ. ಕೆಳಗಿನ ಅಂತಸ್ತಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಮೇಲಿನವರಲ್ಲಿ ಯಾರೂ ಕೇಳಿದವರಲ್ಲ.

ಪ್ರವಾಸ ಮುಗಿಯುವ ಮುನ್ನಾದಿನದ ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಅವಳು ಕೌಂಟರಿಗೆ ಹೋದಳು. ಟಿಕೆಟ್ಟಿನಲ್ಲಿ ಗಂಡನ ಜೊತೆಗಿದ್ದದ್ದು ಅವಳ ಹೆಸರು, ಸಹಿ ಸಾಕಾಯಿತು. ಬಂದ ನೋಟುಗಳನ್ನು ತನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡು, ಕ್ಯಾಬಿನ್ನುಗಳ ನಡುವಿನ ಓಣಿಯಲ್ಲಿ ತಳ್ಳುಗಾಡಿ ನಿಲ್ಲಿಸಿ ಸೋಪು ಜೋಡಿಸುತ್ತಿದ್ದವನ ಮುಂದೆ ನಿಂತಳು.

"ಇದು ನಿಮಗೆ. ನಿಮಗೊಬ್ಬರಿಗೇ."

ಅವನು ಆ ಗಂಟನ್ನೇ ನೋಡಿದ.

"ಭಕ್ಷೀಸಾ?"

'ಅಲ್ಲ' ಎನ್ನಬೇಕೆಂದು ಅವಳ ಮನಸ್ಸು ಕೂಗಿತು. ಅಲ್ಲವೆಂದರೆ ಮತ್ತೇನು?

"ಹೌದು," ಎಂದಳು.

ಅವನ ಮುಖ ಸಣ್ಣದಾಯಿತು. ಗಂಟನ್ನು ಜೇಬಿಗಿಟ್ಟುಕೊಂಡು ಗಾಡಿ ತಳ್ಳಿಕೊಂಡು ಹೊರಟ. ಅದನ್ನವಳು ಸಂಕೋಚವೆಂದುಕೊಂಡಳು. ಒಳ್ಳೆಯದನ್ನು ಮಾಡಿದೆನೆಂಬ ಸಂತೋಷ ಅವಳ ಎದೆ ತುಂಬಿತ್ತು... ಬಹಳ ದಿನಗಳ ಮೇಲೆ.

ಆ ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಕೊನೆಯ ಬಿಲ್ಲು ನೋಡಲು ಹೋದ ಅತ್ತೆಗೆ, ಮಗ ಕಟ್ಟಿದ್ದ ಸರ್ವೀಸ್ ಚಾರ್ಜು ನಗದಾಗಿ ವಾಪಸಾಗಿದೆಯೆಂದು ತಿಳಿಯಿತು. ಸೊಸೆ ಹಡಗಿನ ಡಾಕ್ಟರ ಬಳಿ ಅವರದೇ ಮಾತ್ರೆಗಾಗಿ ಕಾದು ನಿಂತಿದ್ದಳು. ಅತ್ತೆ ಕ್ಯಾಬಿನ್ನು ಹುಡುಕಿದರು, ಹಣವಿಲ್ಲ. ಹೊರಗಿನವರಲ್ಲಿ ಒಳಗೆ ಬರುವವನು ಸ್ಟೀವರ್ಡ್ ಒಬ್ಬನೇ. ನೇರವಾಗಿ ಹೋಗಿ ಕಳ್ಳತನದ ದೂರು ಕೊಟ್ಟರು. ಅವನ ಕಪಾಟು ತೆಗೆಸಿದಾಗ ಹೆಂಗಸಿನ ಕರವಸ್ತ್ರದ ಗಂಟು ಸಿಕ್ಕಿತು.

ಹಡಗಿನ ಕೆಲಸದವರ ಮೇಲ್ವಿಚಾರಕಿಯ ಕೋಣೆಗೆ ಕಿಟಕಿಯಿರಲಿಲ್ಲ. ಮೇಜಿನ ಮೇಲೆ ಆ ಗಂಟು. ಗೋಡೆಗೆ ಒರಗದೆ ನೆಟ್ಟಗೆ ನಿಂತ ಸ್ಟೀವರ್ಡ್. ತೆರೆದ ಬಾಗಿಲಿನಾಚೆ ಅವನ ಜೊತೆಗಾರರು ಗುಂಪುಗೂಡಿದ್ದರು. ಅವನ ಕೋಣೆಯಲ್ಲೇ ಮಲಗುವ ಬಟ್ಟೆ ಒಗೆಯುವವನು ಎಲ್ಲರಿಗಿಂತ ಮುಂದಿದ್ದ.

ಮೇಲ್ವಿಚಾರಕಿ ಸೊಸೆಯನ್ನು ಕರೆಸಿ ಕೂರಿಸಿ, ನೀವು ಕೊಟ್ಟಿಲ್ಲವಾದರೆ ಇದು ಕಳ್ಳತನ, ನಾಳೆ ದಡ ಸೇರಿದ ಕೂಡಲೇ ಪೊಲೀಸರಿಗೆ ಒಪ್ಪಿಸುತ್ತೇವೆ ಎಂದಳು.

ಅತ್ತೆ ಬಗ್ಗಿ ಸೊಸೆಯ ಕಿವಿಯಲ್ಲಿ ನುಡಿದರು.

"ಕೊಟ್ಟೆ ಅಂತ ಬಾಯಿ ಬಿಟ್ಟರೆ ನನ್ನ ಮನೆ ಹೊಸಿಲು ತುಳೀಬೇಡ."

ಅವಳು ಕಣ್ಣುಮುಚ್ಚಿ ದೇವರನ್ನು ನೆನೆದಳು. ಮನೆ ಹೋದರೆ ಹೋಗಲಿ; ನಿರಪರಾಧಿಯೊಬ್ಬ ಸೆರೆ ಸೇರಬಾರದು.

"ನಾನೇ ಕೊಟ್ಟೆ. ಅವರು ಕೇಳಲಿಲ್ಲ."

"ಚಾರ್ಜು ರದ್ದು ಮಾಡಿಸಿದ್ದು ಇವನಿಗೆ ಕೊಡೋದಕ್ಕೇನಾ?"

"ಹೌದು. ಇವರೊಬ್ಬರಿಗೇ," ಎಂದಳು ಅವಳು, ತಲೆಯೆತ್ತಿ, ಸ್ವಲ್ಪ ಹೆಮ್ಮೆಯಿಂದಲೇ.

ಆ ಮಾತಿಗೆ ಅವನು ಕಣ್ಣು ಮುಚ್ಚಿಕೊಂಡ. ಬಾಗಿಲಿನಾಚೆ ಗುಸುಗುಸು ನಿಂತಿತು. ತನ್ನ ಮಾತು ಅವನನ್ನು ಬದುಕಿಸಿತೆಂದುಕೊಂಡವಳಿಗೆ ಏನೋ ಕೆಟ್ಟಿತೆಂದು ತಿಳಿಯಲು ಕೆಲವು ಕ್ಷಣ ಬೇಕಾಯಿತು.

ಹಾಗಾದರೆ ಕಳ್ಳತನವಲ್ಲ ಎಂದು ಮೇಲ್ವಿಚಾರಕಿ ನಿಟ್ಟುಸಿರಿಟ್ಟಳು. ಆಮೇಲೆ ನಿಯಮವನ್ನು ಓದಿ ಹೇಳಿದಳು. ಜೊತೆಗಾರರೆಲ್ಲರ ಪಾಲನ್ನು ಒಬ್ಬನೇ ಇಟ್ಟುಕೊಂಡಿದ್ದಾನೆ. ನಾಳೆ ಇಳಿಯುವಾಗ ಲೆಕ್ಕ ತೀರಿಸಿ ಕಳಿಸಲಾಗುತ್ತದೆ. ಮುಂದೆ ಈ ಕಂಪನಿಯ ಯಾವ ಹಡಗಿಗೂ ಸೇರಿಸುವುದಿಲ್ಲ. ಹೇಳುವುದಿದೆಯೇ ಎಂದು ಕೇಳಿದರೆ ಅವನು ತಲೆಯಾಡಿಸಿ ಇಲ್ಲವೆಂದ.

ಬಟ್ಟೆ ಒಗೆಯುವವನು ಮಾತ್ರ ತಡೆಯಲಾರದೆ ಹೋದ.

"ಯಾವತ್ತೂ ನೀನು ಟಿಪ್ಸು ಬಂದ್ರೆ ಚಾರ್ಜು ಇದೆಯಾ ಅಂತ ಆಫೀಸಲ್ಲಿ ಕೇಳಿ ಬರ್ತಿದ್ದೆ. ನಿನ್ನದನ್ನೂ ನಮಗೆ ಹಂಚ್ತಿದ್ದೆ. ಈ ಸಲ ಹೆಂಗಸನ್ನ ಪಳಗಿಸಿ ನಮ್ಮ ಪಾಲೂ ನುಂಗೋಣ ಅಂತ ಕೂತ್ಯಾ?"

ಅವಳು, ನನಗೆ ಗೊತ್ತಿರಲಿಲ್ಲ, ಇವರಿಗೂ ನಾನು ಹೇಳಿರಲಿಲ್ಲ ಎಂದು ಪದೇ ಪದೇ ಹೇಳಿದಳು. ಯಾರೂ ಕಿವಿಗೊಡಲಿಲ್ಲ. ಅವಳು ಅವನ ಪರವಾಗಿ ಆಡಿದಷ್ಟೂ ಹೊರಗಿನವರ ನಗು ಹೆಚ್ಚಿತು.

ಮರುದಿನ ಹಡಗು ದಡ ಸೇರಿತು. ಅತ್ತೆಯನ್ನು ಕರೆದೊಯ್ಯಲು ಕಿರಿಯ ಮಗ ಕಾರು ತಂದಿದ್ದ. ಅತ್ತಿಗೆಯ ಮೇಲೆ ಪ್ರೀತಿಯಿದ್ದ ಮೈದುನ. ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತು ಅವನಿಗೆ ಎಲ್ಲವನ್ನೂ ಹೇಳಿದರು.

"ನನ್ನ ಮಗನ ದುಡ್ಡನ್ನ ಬಟ್ಟೇಲಿ ಕಟ್ಟಿ ಹಾಸಿಗೆ ಹಾಸೋನಿಗೆ ಕೊಟ್ಟಿದ್ದಾಳೆ. ಇವಳು ಈ ಕಾರು ಹತ್ತಿದ್ರೆ ನಾನು ಇಳೀತೀನಿ."

ಮೈದುನ ಅವಳ ಮುಖ ನೋಡದೆ ಡಿಕ್ಕಿ ತೆಗೆದು ಅವಳ ಸೂಟ್‌ಕೇಸನ್ನು ಇಳಿಸಿ ಅವಳ ಕಾಲ ಬಳಿ ಇಟ್ಟ.

"ಸದ್ಯಕ್ಕೆ ಎಲ್ಲಾದ್ರೂ ಇರಿ ಅತ್ತಿಗೆ. ಅಮ್ಮ ತಣ್ಣಗಾದ ಮೇಲೆ ಫೋನ್ ಮಾಡ್ತೀನಿ."

ಆ ಫೋನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಾರು ಹೋಯಿತು. ಅತ್ತೆ ತಿರುಗಿ ನೋಡಲಿಲ್ಲ.

ಅವಳು ಸೂಟ್‌ಕೇಸಿನ ಮೇಲೆ ಕುಳಿತು ಕೆಲಸದವರ ಗೇಟನ್ನೇ ನೋಡುತ್ತಿದ್ದಳು. ಬಿಸಿಲೇರಿದ ಮೇಲೆ ಕಾವಲುಗಾರನೊಬ್ಬ ಅವನನ್ನು ಹೊರಗೆ ತಂದುಬಿಟ್ಟು, ಗುರುತಿನ ಬಿಲ್ಲೆ ಕಿತ್ತುಕೊಂಡು ಒಳಗೆ ಹೋದ. ಬೀಳ್ಕೊಡಲು ಒಬ್ಬರೂ ಬಂದಿರಲಿಲ್ಲ. ಅವಳನ್ನು ಕಂಡೂ ಕಾಣದವನಂತೆ ಅವನು ಮುಂದೆ ನಡೆದ. ಅವಳು ಸೂಟ್‌ಕೇಸು ಎಳೆದುಕೊಂಡು ಹಿಂದೆಯೇ ಹೋದಳು.

ರಸ್ತೆ ದಾಟಿದ ಮೇಲೆ ಅವನು ನಿಂತ.

"ಇನ್ನೂ ಏನಾದ್ರೂ ಕೊಡೋದಿದೆಯಾ ಮೇಡಂ?"

ಆ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಅದು ತನಗೆ ಸಲ್ಲಬೇಕಾದದ್ದೇ ಎಂದು ಸಹಿಸಿಕೊಂಡಳು.

"ನಿಮ್ಮ ದೊಡ್ಡ ಮನಸ್ಸಿಂದ ನನ್ನ ಹೊಟ್ಟೆಗೆ ಏಟು ಬಿತ್ತು," ಎಂದ ಅವನು. "ಜೊತೇಲಿ ಉಂಡು ಮಲಗಿದೋರು ನನ್ನ ಕಳ್ಳ ಅಂದ್ರು. ರದ್ದು ಮಾಡಿಸೋ ಮುಂಚೆ ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳೋಕೆ ಹೆದರಿದೆ."

"ಯಾಕೆ?"

"ಯಾಕೆ ಕೊಡ್ತೀರಿ ಅಂತ ನೀವು ಕೇಳ್ತಿದ್ರಿ. ನನಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ."

ಅವಳು ಕಣ್ಣೀರು ಒರೆಸಿಕೊಂಡು, ತನ್ನನ್ನು ಕಾಡುತ್ತಿದ್ದ ಪ್ರಶ್ನೆ ಕೇಳಿದಳು.

"ಯಾವತ್ತೂ ಆಫೀಸಲ್ಲಿ ಕೇಳಿ ಬರೋರು... ನನ್ನದಕ್ಕೆ ಯಾಕೆ ಕೇಳಲಿಲ್ಲ?"

"ಟಿಪ್ಸು ಅಂತ ತಗೊಂಡಿದ್ರೆ ಕೇಳ್ತಿದ್ದೆ." ಅವನ ದನಿ ತಗ್ಗಿತು. "ನಾನು ಆ ಗಂಟು ಬಿಚ್ಚಲೇ ಇಲ್ಲ. ನಿಮ್ಮ ಕೈಯಿಂದ ಕೂಲಿ ತಗೊಳ್ಳೋಕೆ ಮನಸ್ಸಾಗಲಿಲ್ಲ. ನೀವು ಇಳಿಯೋವಾಗ ವಾಪಸ್ ಕೊಡೋಣ ಅಂತ ಇಟ್ಟಿದ್ದೆ."

"ಅಲ್ಲೇ ಹೇಳಬಹುದಿತ್ತು. ಕೆಲಸ ಉಳೀತಿತ್ತು."

"ನಿಮ್ಮ ಅತ್ತೆ ಎದುರಿಗೆ? ಆ ಗುಂಪಿನ ಎದುರಿಗೆ? ಅವರ ಬಾಯಿಗೆ ನಿಮ್ಮನ್ನ ಹಾಕೋಕೆ ನನ್ನಿಂದ ಆಗಲಿಲ್ಲ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಹೋಗಿ ಎಲ್ಲವನ್ನೂ ಕಳೆದುಕೊಂಡು ನಿಂತಿದ್ದರು.

"ಈಗ ಕೇಳ್ತೀನಿ," ಎಂದಳು. "ನಾನು ನಿಮ್ಮ ಜೊತೆ ಬರಬಹುದಾ?"

"ನನಗೆ ಕೆಲಸ ಇಲ್ಲ."

"ನನಗೆ ಔಷಧಿ ಅಂಗಡಿ ಕೆಲಸ ಬರುತ್ತೆ."

"ನಿಮ್ಮ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ."

"ಇರಲಿ. ಸಿಟ್ಟಿರೋರ ಜೊತೆ ಬಾಳಿ ಅಭ್ಯಾಸ ಆಗಿದೆ."

ಅವನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಆ ನಗುವಿನಲ್ಲೇ ಅವನ ಕಣ್ಣೂ ತುಂಬಿತು. ಬಗ್ಗಿ ಅವಳ ಸೂಟ್‌ಕೇಸು ಎತ್ತಿಕೊಂಡ.

"ಊಟ ಆಯ್ತಾ?"

"ಇಲ್ಲ... ನಿಮ್ಮದು?"

"ಇಲ್ಲ. ಬಾ."

ಅವಳು ಹೆಜ್ಜೆ ಎತ್ತಿಟ್ಟಳು, ತೂರಾಡಿದಳು.

"ನೆಲ ಇನ್ನೂ ಅಲುಗಾಡ್ತಿದೆ," ಎಂದಳು.

"ಹಡಗು ಇಳಿದ ಮೇಲೆ ಸ್ವಲ್ಪ ದಿನ ಹಾಗೇ ಇರುತ್ತೆ," ಎಂದ ಅವನು. "ನನ್ನ ಕೈ ಹಿಡ್ಕೋ."