ಕೊನೆಯ ಹಾಡಿನ ಅಡಿಯ ಸದ್ದು

"ಕೊನೇ ಹಾಡಿನ ಅಡೀಲಿ ಟಕ್ ಟಕ್ ಅಂತ ಬರುತ್ತಲ್ಲ, ಅದೊಂದನ್ನ ಅಳಿಸ್ಬೇಡಿ ಕುರೊಸೆ ಅವ್ರೆ," ಎಂದ, ಹಳೆಯ ರಾಕ್ ತಂಡದಲ್ಲಿದ್ದ ಮುದುಕ ಮಿಜೊಗುಚಿ.

ಕುರೊಸೆ ನಕ್ಕ. "ಡ್ರಮ್ಮಲ್ಲ, ಗಿಟಾರಲ್ಲ. ನಿಮ್ಮ ತಂಡದಲ್ಲಿ ದೆವ್ವಾನೂ ಇತ್ತಾ ಯಜಮಾನ್ರೆ?"

"ಮೊಳೆ ಹೊಡೆಯೋ ಸದ್ದು ಅದು."

ಎಪ್ಪತ್ತರ ದಶಕದ 'ಹಿಮದ ಕೋಟೆ' ಆಲ್ಬಮ್ಮನ್ನು ಮತ್ತೆ ಹೊರತರಲು ಕುರೊಸೆ ಟೋಕಿಯೋದಿಂದ ಕ್ಯೋಟೋಗೆ ಬಂದಿದ್ದ. ಒರಟು ಗಿಟಾರಿನ ಬೆನ್ನಿಗೇ ನೂರು ಪಿಟೀಲು ಎದ್ದು ನಿಂತಂತೆ ಆರ್ಗನ್ ಮೊರೆಯುವ ಸಂಗೀತ. ಅಷ್ಟನ್ನೂ ಕಟ್ಟಿದವಳು ಆರ್ಗನ್ ನುಡಿಸುತ್ತಿದ್ದ ಒರಿಯೆ. ಗಿಟಾರಿನ ಅರಗಾಕಿ ಅವಳನ್ನು ತಂಡದಿಂದ ನೂಕಿ, ಹಾಡುಗಳ ಕೆಳಗೆ ತನ್ನ ಹೆಸರು ಹಾಕಿಕೊಂಡ. ಅವಳು ಬೆಟ್ಟದ ದೇಗುಲಕ್ಕೆ ಹೋಗಿ, ಹುಲ್ಲಿನ ಬೊಂಬೆಗೆ ಅವನ ಹೆಸರಿಟ್ಟು, ಶಾಪ ತಟ್ಟಲೆಂದು ಅದನ್ನು ದೇವದಾರು ಮರಕ್ಕೆ ಮೊಳೆ ಹೊಡೆದು ಜಡಿದಳು. ಆ ಸದ್ದನ್ನು ತಂದು, ಆಲ್ಬಮ್ ಹೊರಬರುವ ಮುನ್ನ ಗುಟ್ಟಾಗಿ ಟೇಪಿನೊಳಗೆ ಸೇರಿಸಿದಳು. ಆಲ್ಬಮ್ ಹೊರಬಂದ ವರ್ಷವೇ ಅರಗಾಕಿಯ ಕೈ ಸೆಟೆದು, ಮೈ ಬಿದ್ದುಹೋಯಿತು. ಇನ್ನೂ ಹಾಸಿಗೆಯಲ್ಲೇ ಇದ್ದಾನೆ. ಇಷ್ಟನ್ನು ಹೇಳಿ ಮಿಜೊಗುಚಿ ಕೊಡೆ ಎತ್ತಿಕೊಂಡು ಹೊರಟುಹೋದ.

ನೆಲಮಾಳಿಗೆಯ ಸ್ಟುಡಿಯೋದಲ್ಲಿ ಬೂಷ್ಟು ಹಿಡಿದ ಕಂಬಳಿಯ ವಾಸನೆ. ಹೊರಗೆ ಮಧ್ಯಾಹ್ನದ ಜೀರುಂಡೆಗಳ ಚೀರಾಟ. ಕುರೊಸೆ ಹಟಕ್ಕೆ ಬಿದ್ದವನಂತೆ ಮೂಲ ಟೇಪನ್ನೇ ಯಂತ್ರಕ್ಕೆ ಹಾಕಿ, ಆ ಸದ್ದಿದ್ದ ಟ್ರ್ಯಾಕೊಂದನ್ನು ಪೂರ್ತಿ ಅಳಿಸಿದ. ಹಾಡು ತಿಳಿನೀರಿನಂತಾಯಿತು.

ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಹಸಿ ಮರ ಸೀಳಿದ ವಾಸನೆ ಮೂಗಿಗೆ ಹೊಡೆಯಿತು. ಟಕ್. ಸ್ಪೀಕರಿನಿಂದಲ್ಲ, ಅವನ ಬಲ ಅಂಗೈಯೊಳಗಿಂದ. ಟಕ್. ಬೆರಳೊಂದು ಮಡಚಿಕೊಂಡಿತು. ಬಿಚ್ಚಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅರಗಾಕಿಯ ಹೆಂಡತಿ ಫೋನ್ ಮಾಡಿ ಅತ್ತಳು. ಗಂಡ ಎದ್ದು ಕೂತಿದ್ದಾರಂತೆ, ಮಿಸೊ ಸಾರು ಕುಡಿದರಂತೆ, ಗಿಟಾರ್ ಕೇಳಿದರಂತೆ. ಹೊಸ ಆಲ್ಬಮ್ಮಿಗೆ ತಮ್ಮ ಹೆಸರನ್ನು ದೊಡ್ಡದಾಗಿ ಹಾಕಿಸಬೇಕಂತೆ. ಫೋನ್ ಹಿಡಿದಿದ್ದ ಕುರೊಸೆಯ ಎಡಗೈ ಹೇಗೋ ನೆಟ್ಟಗಿತ್ತು. ಬಲಗೈ ಮೊಣಕೈವರೆಗೆ ಕೊರಡಾಗಿತ್ತು.

ಅವನು ವಿಳಾಸ ಹುಡುಕಿಕೊಂಡು ಒರಿಯೆಯ ಮನೆಗೆ ಓಡಿದ. ನರೆತ ಕೂದಲಿನ ಸಣ್ಣ ಹೆಂಗಸು. ಅವನ ಕೈ ನೋಡಿ ತಣ್ಣಗಿನ ಬಾರ್ಲಿ ಚಹಾ ತಂದಿಟ್ಟಳು.

"ಇಷ್ಟು ವರ್ಷ ನನ್ನ ಬದಲು ಆ ಟೇಪೇ ಹೊಡೀತಿತ್ತು. ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ," ಎಂದಳು. "ಕಿತ್ತ ಮೊಳೆ ಕಿತ್ತವನ ಕೈಲೇ ತಾನೇ ಇರುತ್ತೆ?"

ಕುರೊಸೆ ನೆಲಕ್ಕೆ ಹಣೆ ಹಚ್ಚಿದ. ನಿಮ್ಮ ಹೆಸರನ್ನೇ ಹಾಕಿಸುತ್ತೇನೆ, ಹೇಗಾದರೂ ಬಿಡಿಸಿ ಎಂದು ಬೇಡಿಕೊಂಡ.

"ಹೆಸರು ಹಾಕ್ಸು, ಬೇಡ ಅನ್ನಲ್ಲ. ಮೊಳೆ ಮಾತ್ರ ನೀನೇ ವಾಪಸ್ ಹೊಡೀಬೇಕಪ್ಪ. ನನ್ನ ಕೈಲಿ ಈಗ ಸುತ್ತಿಗೆ ನಿಲ್ಲಲ್ಲ. ಯಾರಿಗೆ ಅಂತ ಮನಸಲ್ಲಿಟ್ಕೊಂಡು ಹೊಡಿ."

ಸ್ಟುಡಿಯೋದ ಬಾಗಿಲು ಹಾಕಿಕೊಂಡ. ಮರದ ದಿಮ್ಮಿಗೆ ಮೊಳೆಯೊಂದನ್ನು ಊರಿ, ಅದರ ಮುಂದೆ ಮೈಕು ನಿಲ್ಲಿಸಿದ. ಟೇಪು ತಿರುಗತೊಡಗಿತು. ಎಡಗೈಯಲ್ಲಿ ಸುತ್ತಿಗೆ. ನೋವು ಹೆಗಲು ದಾಟಿತ್ತು. ಹಾಸಿಗೆಯಲ್ಲಿ ಎದ್ದು ಕೂತ ಅರಗಾಕಿ ಕಣ್ಣ ಮುಂದೆ ಬಂದ. ಸಾರಿನ ಬಟ್ಟಲು. ಅಳುತ್ತಿದ್ದ ಹೆಂಡತಿ. ಹೊಡೆದ.

ಟಕ್. ಹೆಗಲು ಸಡಿಲವಾಯಿತು. ಟಕ್. ಮೊಣಕೈ. ಟಕ್. ಬೆರಳುಗಳು ಒಂದೊಂದಾಗಿ ಅರಳಿದವು. ಬಲಗೈ ಅವನದಾಯಿತು.

ಮೇಜಿನ ಮೇಲೆ ಫೋನ್ ಬಡಿದುಕೊಳ್ಳತೊಡಗಿತು. ಅರಗಾಕಿಯ ಮನೆಯ ನಂಬರು. ಕುರೊಸೆ ಎತ್ತಲಿಲ್ಲ. ಇನ್ನು ಹೊಡೆಯುವ ಅಗತ್ಯವೂ ಇರಲಿಲ್ಲ.

ಸುತ್ತಿಗೆಯನ್ನು ಬಲಗೈಗೆ ಬದಲಾಯಿಸಿಕೊಂಡ. ಮೊದಲಿಗಿಂತ ಜೋರಾಗಿ ಇನ್ನೊಂದು ಹೊಡೆದ. ಎಷ್ಟು ಹಿತವಾಗಿತ್ತೆಂದರೆ, ಮತ್ತೆ ಎತ್ತಿದ.