ರಂಜಿತಾ ಬಗ್ಗಲಿಲ್ಲ

ಕನ್ಯೆ ನೋಡಲು ಬಂದವರಿಗೆ ಚಹಾ ಕೊಟ್ಟ ರಂಜಿತಾ ಹಿರಿಯರ ಕಾಲು ಮುಟ್ಟಲಿಲ್ಲ. ಕೈ ಮುಗಿದು ಕಂಬದ ಹಾಗೆ ನೆಟ್ಟಗೆ ನಿಂತುಬಿಟ್ಟಳು.

ಹುಡುಗನ ಸೋದರತ್ತೆ ಪಕ್ಕೀರವ್ವ ಆಗಲೇ ಕಾಲು ಮುಂದೆ ಚಾಚಿ, ಆಶೀರ್ವಾದಕ್ಕೆ ಕೈಯನ್ನೂ ಎತ್ತಿಯಾಗಿತ್ತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗು ಸರಿ ಮಾಡಿಕೊಂಡಳು.

"ಹುಡುಗಿಗೆ ಭಾಳ ಸೊಕ್ಕು ಕಾಣತೈತಿ," ಎಂದಳು.

ರಂಜಿತಾ ತಾಯಿಯ ಕಡೆ ನೋಡಿದಳು. ಆಪರೇಶನ್ ಸುದ್ದಿ ಎತ್ತಬ್ಯಾಡ ಎಂದು ಮಾರೆವ್ವ ಮುಂಜಾನೆಯಿಂದ ನಾಲ್ಕು ಸಲ ಹೇಳಿದ್ದಳು. ಒಂದ್ಸಲ ಬಗ್ಗಿದರೆ ಏನು ಸೊಂಟ ಮುರಿಯುತ್ತದೆಯೇ ಎಂದೂ ಕೇಳಿದ್ದಳು. ಮುರಿಯಲಿಕ್ಕಿಲ್ಲ. ಆದರೆ ಮುಚ್ಚಿಟ್ಟು ಗಂಡನ ಮನೆ ಸೇರುವ ಜಾಯಮಾನ ಈ ಹುಡುಗಿಯದಲ್ಲ.

"ಸೊಕ್ಕಲ್ರಿ ಅತ್ತಿ. ಸೊಂಟದಾಗ ಡಿಸ್ಕ್ ಜಾರಿ ಕಾಲಿನ ನರ ಒತ್ತಿತ್ರಿ. ಹೋದ ವರ್ಷ ಹುಬ್ಬಳ್ಯಾಗ ಆಪರೇಶನ್ ಆಗೇತಿ. ಬಗ್ಗಬ್ಯಾಡ, ಭಾರ ಎತ್ತಬ್ಯಾಡ ಅಂದಾರ. ನೂರು ಮಂದ್ಯಾಗ ಐದ್ಹತ್ತು ಮಂದಿಗೆ ಮತ್ತ ಬರ್ತೈತಂತ. ನನಗ ಬರೂದಿಲ್ಲಂತ ಬರದು ಕೊಡಾಕ ಆಗಂಗಿಲ್ರಿ."

ಮಾರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕೀರವ್ವ ಕುಡಿಯದ ಕಪ್ಪನ್ನು ಕೆಳಗಿಟ್ಟು ಎದ್ದಳು.

ಹುಡುಗ ಮಾತ್ರ ಏಳಲಿಲ್ಲ. ಹೆಸರು ಸುಭಾಷ್, ಊರು ಕುಷ್ಟಗಿ. ಸುಗ್ಗಿ ಬಂತೆಂದರೆ ಭತ್ತ ಕೊಯ್ಯುವ ಮಷಿನ್ ಓಡಿಸಿಕೊಂಡು ಈ ಶ್ರೀರಾಮನಗರದ ಕಡೆ ಬರುವವನು. ಉಳಿದ ಚಹಾ ನಿಧಾನಕ್ಕೆ ಕುಡಿದು ಮುಗಿಸಿ, ರಂಜಿತಾಳ ಅಪ್ಪ ಪಂಪಣ್ಣನನ್ನು ಕೇಳಿದ.

"ಹಿತ್ತಲದಾಗ ಐದು ಮಿನಿಟ್ ಮಾತಾಡಬಹುದೇನ್ರಿ ಮಾವ?"

ಆ 'ಮಾವ' ಕೇಳಿ ರಂಜಿತಾಳ ಕಿವಿ ಬಿಸಿಯಾಯಿತು.

ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ತಿರ ಅವನು ಅವಳ ಮುಖವನ್ನೇ ನೋಡುತ್ತ ನಿಂತ. ಅವಳೂ ಕಣ್ಣು ಕೆಳಗೆ ಹಾಕಲಿಲ್ಲ. ಕೊನೆಗೆ ನೋಟ ತಪ್ಪಿಸಿ ಸುಮ್ಮನೆ ಎಲೆ ಕಿತ್ತವನು ಅವನೇ.

"ಕನಿಕರಕ್ಕ ಮದುವಿ ಆಗೂದಿದ್ರ ಈಗ ಹೊಳ್ಳಿ ಹೋಗ್ರಿ," ಎಂದಳು.

"ಕನಿಕರ ಇದ್ದಿದ್ರ ಎರಡು ಡಜನ್ ಬಾಳಿಹಣ್ಣು ಕೊಟ್ಟು ಹೋಗ್ತಿದ್ನಿ. ಹೋದ ಸಲ ನೀವು ಬದುವಿನ ಮ್ಯಾಲ ಕುರ್ಚಿ ಹಾಕ್ಕೊಂಡು ಮೂವತ್ತು ಹೆಣ್ಣಾಳು ಹಚ್ಚಿ ಎರಡನೇ ಬೆಳಿ ನಾಟಿ ಮಾಡಸ್ತಿದ್ರಿ. ಯಾರೀಕಿ, ತಹಶೀಲ್ದಾರ ಏನು ಅಂದ್ಕೊಂಡ್ನಿ."

"ತಹಶೀಲ್ದಾರ ಕುರ್ಚಿ ಪ್ಲಾಸ್ಟಿಕ್ಕಿಂದು ಇರಂಗಿಲ್ರಿ."

ಅವನು ನಕ್ಕ. ಅವಳಿಗೂ ನಗು ಬಂತು, ತಡೆದುಕೊಂಡಳು.

ಆ ಕುರ್ಚಿ ಅವಳ ಹೆಮ್ಮೆ. ವರ್ಷಗಟ್ಟಲೆ ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚಿದವಳು. ಕಾಲು ಜೋಮು ಹಿಡಿದರೂ ಆರು ತಿಂಗಳು ಯಾರ ಮುಂದೂ ತುಟಿ ಬಿಚ್ಚಲಿಲ್ಲ. ಒಂದು ದಿನ ಗದ್ದೆಯಿಂದ ಏಳಲಾಗದೆ ನಾಲ್ವರು ಎತ್ತಿ ತಂದಾಗಲೇ ಮನೆಯವರಿಗೆ ತಿಳಿದದ್ದು. ಆಪರೇಶನ್ ಆದಮೇಲೆ ಇನ್ನು ಇವಳ ಕಥೆ ಮುಗಿಯಿತು ಅಂದವರ ಕಣ್ಣೆದುರಿಗೇ ಗ್ಯಾಂಗ್ ಕಟ್ಟಿ, ನಾಟಿಯ ಗುತ್ತಿಗೆ ಹಿಡಿದಳು.

"ಮತ್ತ ಬಂದ್ರ ಏನು ಮಾಡ್ತೀರಿ?" ಸುಭಾಷ್ ಕೇಳಿದ.

"ಮೊದಲ ಔಷಧ. ಆಗಲಿಲ್ಲಂದ್ರ ಮತ್ತ ಆಪರೇಶನ್. ಎಲ್ಲಾ ತಿಳ್ಕೊಂಡೀನಿ."

"ಅದನ್ನ ಡಾಕ್ಟರ್ ನೋಡ್ಕೋತಾರ. ಆವತ್ತು ಯಾರಿಗೆ ಹೇಳ್ತೀರಿ?"

ಈ ಸಲ ನೋಟ ತಪ್ಪಿಸಿದವಳು ಅವಳು.

"ಆರು ತಿಂಗಳು ಮುಚ್ಚಿಟ್ಟಿದ್ರಂತ, ನಿಮ್ಮ ಗ್ಯಾಂಗಿನವ್ರ ಹೇಳ್ಯಾರ. ಆಪರೇಶನ್ ಸುದ್ದೀನೂ ಗೊತ್ತಿದ್ದ ಬಂದೀನಿ. ನಮ್ಮ ಅತ್ತಿ ಮುಂದ ಹೇಳಿರಲಿಲ್ಲ, ಅದು ನನ್ನ ತಪ್ಪು. ಬ್ಯಾನಿ ಮತ್ತ ಬರೂದಕ್ಕ ನಾ ಅಂಜಂಗಿಲ್ಲ. ನೀವು ಹೇಳದ ಇರೂದಕ್ಕ ಅಂಜ್ತೀನಿ."

ಇಷ್ಟು ದಿನ ಎಲ್ಲರೂ ಅವಳ ಸೊಂಟದ ಬಗ್ಗೆ ಕೇಳಿದ್ದರು. ಅವಳ ಬಗ್ಗೆ ಕೇಳಿದವನು ಇವನೊಬ್ಬನೇ. ಕಣ್ಣು ತುಂಬಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ದಿನಾ ಮುಂಜಾನಿ ಹಾಸಿಗಿಯಿಂದ ಎದ್ದು ಕಾಲು ನೆಲಕ್ಕಿಡಾಕ ಹೆದರಿಕಿ ಆಗ್ತೈತಿ," ಎಂದಳು ಮೆಲ್ಲಗೆ. ಅವ್ವನಿಗೂ ಡಾಕ್ಟರಿಗೂ ಹೇಳದ ಮಾತು ಅದು. ಹೇಳಿದ ಮೇಲೆ ಎದೆ ಹಗುರಾಯಿತು.

ಏನೂ ಆಗೂದಿಲ್ಲ ಬಿಡ್ರಿ ಎಂದು ಅವನು ಸಮಾಧಾನ ಹೇಳಲಿಲ್ಲ. "ನಾಳಿಂದ ಎದ್ದ ಕೂಡಲೇ ಫೋನ್ ಮಾಡ್ರಿ. ಕಾಲು ಹೆಂಗದಾವ ಅಂತ ಹೇಳ್ರಿ," ಎಂದ.

"ನಂಬರ್ ಕೇಳಾಕ ಇಷ್ಟು ಸುತ್ತು ಹಾಕಬೇಕೇನ್ರಿ?"

ಈಗ ಕಿವಿ ಕೆಂಪಾಗುವ ಪಾಳಿ ಅವನದಾಯಿತು.

ರಂಜಿತಾ ಕಣ್ಣೊರೆಸಿಕೊಂಡು ಒಳಗೆ ಬಂದಳು. ಗಂಡಿನ ಕಡೆಯವರು ಊರಿಗೆ ಹೋಗಿ, ಎಂಟು ದಿನ ಕಾಯಿಸಿ, ಹುಡುಗಿ ಪಸಂದೋ ಇಲ್ಲವೋ ಎಂದು ಮಧ್ಯಸ್ಥನ ಕೈಲಿ ಹೇಳಿ ಕಳಿಸುವುದು ರೂಢಿ. ಹುಡುಗಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಲಿ ಎಂದು ಅವಳು ಕಾಯಲಿಲ್ಲ. ಹೊರಡಲು ಹೊಸ್ತಿಲಿಗೆ ಬಂದಿದ್ದ ಪಕ್ಕೀರವ್ವನ ಎದುರು ಹೋಗಿ ನಿಂತಳು.

"ಅತ್ತಿ, ನಿಮ್ಮ ಹುಡುಗ ನನಗ ಪಸಂದ್ ಅದಾನ್ರಿ. ನಾನು ನಿಮಗ ಪಸಂದ್ ಆಗಾಕ ಎಷ್ಟು ದಿನ ಬೇಕೋ ತಗೋರಿ."